ಸ್ಪ್ರಿಂಗ್‌ಫೀಲ್ಡ್‌ನ ವಕೀಲ ಅಬ್ರಹಾಂ ಲಿಂಕನ್: ಒಂದು ಕಚೇರಿ ಬೆಳೆದ ಬಗೆ

ಅಬ್ರಹಾಂ ಲಿಂಕನ್ ಎಂದೊಡನೆ ನಮಗೆ ನೆನಪಾಗುವುದು ಅಮೆರಿಕದ 16ನೇ ಅಧ್ಯಕ್ಷರು, ಗುಲಾಮರ ಬಿಡುಗಡೆಯ ಘೋಷಣೆಗೆ ಸಹಿ ಹಾಕಿದ ನಾಯಕರು, 1865ರ ಏಪ್ರಿಲ್‌ನಲ್ಲಿ ಹಂತಕನ ಗುಂಡಿಗೆ ಬಲಿಯಾದ ಮಹಾನುಭಾವರು. ಶಾಲೆಯಲ್ಲಿ ನಾವೆಲ್ಲರೂ ಓದಿದ ಪಾಠವದು. ಆದರೆ ಅವರು ಅಧ್ಯಕ್ಷರಾಗಿದ್ದುದು ನಾಲ್ಕು ವರ್ಷ ಮತ್ತು ಕೆಲವು ವಾರಗಳು ಮಾತ್ರ. ಅದಕ್ಕೆ ಮೊದಲು ಸುಮಾರು 24 ವರ್ಷಗಳ ಕಾಲ ಅವರು ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ವಕೀಲರಾಗಿ ದುಡಿದರು. ಸಾಲ ವಸೂಲಿ, ಜಮೀನಿನ ಗಡಿ, ಹಂದಿ ಕಳವು, ವಿಚ್ಛೇದನ, ಆಸ್ತಿ ಪಾಲು - ಇವೇ ಅವರ ದಿನನಿತ್ಯದ ಕೆಲಸವಾಗಿತ್ತು.

ಮೂವರು ಪಾಲುದಾರರೊಂದಿಗೆ, ಒಂದರ ನಂತರ ಒಂದರಂತೆ ಮೂರು ಸಂಸ್ಥೆಗಳಲ್ಲಿ ಅವರು ಕೆಲಸ ಮಾಡಿದರು. ಐದು ಡಾಲರ್ ಶುಲ್ಕದ ಮೊಕದ್ದಮೆಗಳಿಂದ ಆರಂಭವಾದ ಈ ವೃತ್ತಿ ರಾಜ್ಯದ ಅತಿ ದೊಡ್ಡ ರೈಲ್ವೆ ಕಂಪನಿಯ ವಕಾಲತ್ತಿನವರೆಗೆ ಬೆಳೆಯಿತು. ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ತಿಳಿದರೆ, ಅಧ್ಯಕ್ಷ ಲಿಂಕನ್ ಹೇಗೆ ರೂಪುಗೊಂಡರು ಎಂಬುದೂ ತಿಳಿಯುತ್ತದೆ.

ಸಾಲದ ಹೊರೆ ಹೊತ್ತ ಯುವಕ

ಲಿಂಕನ್ ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಕೆಂಟಕಿ ರಾಜ್ಯದ ಮರದ ದಿಮ್ಮಿಗಳ ಪುಟ್ಟ ಮನೆಯೊಂದರಲ್ಲಿ. ಅವರಿಗೆ ಏಳು ವರ್ಷವಾಗಿದ್ದಾಗ ಕುಟುಂಬ ಇಂಡಿಯಾನಾಗೆ ವಲಸೆ ಹೋಯಿತು. ಒಂಬತ್ತನೇ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. ಅವರು ಶಾಲೆಯಲ್ಲಿ ಕಳೆದ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷ ತುಂಬುವುದಿಲ್ಲ. 1830ರಲ್ಲಿ ಕುಟುಂಬ ಇಲಿನಾಯ್‌ಗೆ ಬಂತು. ಮರು ವರ್ಷ ಲಿಂಕನ್ ಮನೆ ಬಿಟ್ಟು ನ್ಯೂ ಸೇಲಂ ಎಂಬ ಹಳ್ಳಿಯಲ್ಲಿ ನೆಲೆಸಿದರು.

ಅಲ್ಲಿ ವಿಲಿಯಂ ಬೆರ್ರಿ ಎಂಬವರೊಂದಿಗೆ ಸೇರಿ ಒಂದು ಅಂಗಡಿ ನಡೆಸಿದರು. ಅಂಗಡಿ ಮುಳುಗಿತು. 1835ರಲ್ಲಿ ಬೆರ್ರಿ ತೀರಿಕೊಂಡಾಗ ಸಾಲದ ಹೊರೆಯೆಲ್ಲ ಲಿಂಕನ್ ಹೆಗಲೇರಿತು. ಭೂಮಾಪನ ಮಾಡಿ ಹೊಟ್ಟೆ ಹೊರೆಯುತ್ತಿದ್ದ ಅವರ ಕುದುರೆ ಮತ್ತು ಅಳತೆಯ ಸಾಧನಗಳನ್ನು ಸಾಲಗಾರರು ಹರಾಜಿಗೆ ಹಾಕಿಸಿದರು. ಸ್ನೇಹಿತರೊಬ್ಬರು ಅವನ್ನು ಕೊಂಡು ಮರಳಿ ಅವರ ಕೈಗಿತ್ತರು. ಊರು ಬಿಟ್ಟು ಓಡಿಹೋಗುವುದು ಆ ಗಡಿನಾಡಿನಲ್ಲಿ ಸಾಮಾನ್ಯ ಸಂಗತಿಯಾಗಿತ್ತು. ಲಿಂಕನ್ ಓಡಲಿಲ್ಲ. ವರ್ಷಗಟ್ಟಲೆ ದುಡಿದು ಸಾಲವನ್ನೆಲ್ಲ ತೀರಿಸಿದರು. ಮುಂದೆ ಅವರ ಕಚೇರಿಯ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಾಲದ ಮೊಕದ್ದಮೆಗಳದ್ದೇ ಆಗಿತ್ತು. ಸಾಲ ಕೊಟ್ಟವನ ಕಷ್ಟವನ್ನೂ ತೀರಿಸಲಾಗದವನ ಸಂಕಟವನ್ನೂ ಬಲ್ಲ ವಕೀಲರಾಗಿದ್ದರು ಅವರು.

ಪುಸ್ತಕ ಕೊಟ್ಟ ಹಿರಿಯರು: ಸ್ಟುವರ್ಟ್

1832ರ ಬ್ಲ್ಯಾಕ್ ಹಾಕ್ ಯುದ್ಧದಲ್ಲಿ ಲಿಂಕನ್ ಸ್ವಯಂಸೇವಕರಾಗಿ ಸೇರಿದ್ದರು. ಅಲ್ಲಿ ಪರಿಚಯವಾದವರು ಜಾನ್ ಟಾಡ್ ಸ್ಟುವರ್ಟ್, ಸ್ಪ್ರಿಂಗ್‌ಫೀಲ್ಡ್‌ನ ವಕೀಲರು. 1834ರಲ್ಲಿ ಇಬ್ಬರೂ ರಾಜ್ಯ ಶಾಸನಸಭೆಗೆ ಆಯ್ಕೆಯಾದರು. ಲಿಂಕನ್‌ರಲ್ಲಿದ್ದ ಬುದ್ಧಿಯನ್ನು ಗುರುತಿಸಿದ ಸ್ಟುವರ್ಟ್, ಕಾನೂನು ಓದುವಂತೆ ಹುರಿದುಂಬಿಸಿ ತಮ್ಮ ಪುಸ್ತಕಗಳನ್ನು ಎರವಲು ಕೊಟ್ಟರು. ಅಂದು ಆ ಪ್ರದೇಶದಲ್ಲಿ ಕಾನೂನು ಕಾಲೇಜು ಇರಲಿಲ್ಲ. ಹಿರಿಯ ವಕೀಲರ ಕಚೇರಿಯಲ್ಲಿ ಕುಳಿತು ಓದುವುದೇ ರೂಢಿ. ಲಿಂಕನ್‌ಗೆ ಅದೂ ದೊರೆಯಲಿಲ್ಲ. ನ್ಯೂ ಸೇಲಂನಿಂದ ಸ್ಪ್ರಿಂಗ್‌ಫೀಲ್ಡ್‌ಗೆ ಹೋಗಿ ಪುಸ್ತಕ ತಂದು, ಒಬ್ಬರೇ ಓದಿ, ಮತ್ತೆ ಹಿಂದಿರುಗಿಸುತ್ತಿದ್ದರು.

1836ರ ಸೆಪ್ಟೆಂಬರ್‌ನಲ್ಲಿ ವಕೀಲಿ ಪರವಾನಗಿ ದೊರೆಯಿತು. 1837ರ ಏಪ್ರಿಲ್ 15ರಂದು, ಎರವಲು ಕುದುರೆಯೇರಿ ಅವರು ಸ್ಪ್ರಿಂಗ್‌ಫೀಲ್ಡ್‌ಗೆ ಬಂದರು. ಹಾಸಿಗೆ ಬಟ್ಟೆಗಳಿಗೆ 17 ಡಾಲರ್ ಬೇಕಿತ್ತು, ಅಷ್ಟೂ ಕೈಯಲ್ಲಿರಲಿಲ್ಲ. ಅಂಗಡಿಯ ಪಾಲುದಾರ ಜೋಷುವಾ ಸ್ಪೀಡ್ ಅವರು ಮಾಳಿಗೆಯ ಮೇಲಿದ್ದ ತಮ್ಮ ಹಾಸಿಗೆಯಲ್ಲೇ ಜಾಗ ಕೊಟ್ಟರು. ಆ ಸ್ನೇಹ ಜೀವನಪರ್ಯಂತ ಉಳಿಯಿತು.

ಸ್ಟುವರ್ಟ್ ಲಿಂಕನ್‌ರನ್ನು ನೇರವಾಗಿ ಪಾಲುದಾರರನ್ನಾಗಿ ಸೇರಿಸಿಕೊಂಡರು. ಹಾಫ್‌ಮನ್ಸ್ ರೋ ಎಂಬ ಕಟ್ಟಡದಲ್ಲಿ ಕೆಳಗೆ ನ್ಯಾಯಾಲಯ, ಮೇಲೆ ಅವರ ಕಚೇರಿ. ಶುಲ್ಕ ಬಹುತೇಕ ಐದು ಡಾಲರ್, ಕೆಲವೊಮ್ಮೆ ಹತ್ತು ಅಥವಾ ಇಪ್ಪತ್ತು.

ಆ ವರ್ಷವೇ ಇನ್ನೊಂದು ಮುಖ್ಯ ಬದಲಾವಣೆಯಾಯಿತು. ರಾಜ್ಯದ ರಾಜಧಾನಿಯನ್ನು ವ್ಯಾಂಡೇಲಿಯಾದಿಂದ ಸ್ಪ್ರಿಂಗ್‌ಫೀಲ್ಡ್‌ಗೆ ವರ್ಗಾಯಿಸಲು ಶಾಸನಸಭೆ 1837ರ ಫೆಬ್ರವರಿಯಲ್ಲಿ ತೀರ್ಮಾನಿಸಿತ್ತು. ಅದಕ್ಕಾಗಿ ಶ್ರಮಿಸಿದವರಲ್ಲಿ ಲಿಂಕನ್ ಕೂಡ ಒಬ್ಬರು. 1839ರಿಂದ ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ ಕೇಂದ್ರ ಸರಕಾರದ ನ್ಯಾಯಾಲಯವೂ ಅಲ್ಲಿಗೆ ಬಂದವು. ದೂರದ ಊರುಗಳ ವಕೀಲರು ಮೇಲ್ಮನವಿಗಾಗಿ ಸ್ಪ್ರಿಂಗ್‌ಫೀಲ್ಡ್‌ನ ವಕೀಲರನ್ನು ಅವಲಂಬಿಸಬೇಕಾಯಿತು. ಒಂದು ಸಣ್ಣ ಊರಿನ ಕಚೇರಿ ಇಡೀ ರಾಜ್ಯದ ಕಚೇರಿಯಾಗಿ ಬೆಳೆಯಲು ಬಾಗಿಲು ತೆರೆದುದು ಹೀಗೆ.

1838ರಲ್ಲಿ ಸ್ಟುವರ್ಟ್ ಅವರು ಸ್ಟೀಫನ್ ಡಗ್ಲಸ್ ಎಂಬ ಯುವ ನಾಯಕನನ್ನು ಕೇವಲ 36 ಮತಗಳಿಂದ ಸೋಲಿಸಿ ಕಾಂಗ್ರೆಸ್‌ಗೆ ಆಯ್ಕೆಯಾದರು. 1839ರ ನವೆಂಬರ್‌ನಲ್ಲಿ ಅವರು ವಾಷಿಂಗ್ಟನ್‌ಗೆ ಹೊರಟಾಗ ಕಚೇರಿಯ ಹೊಣೆ ಪೂರ್ತಿಯಾಗಿ ಲಿಂಕನ್ ಮೇಲೆ ಬಿತ್ತು. ಶುಲ್ಕದ ಪುಸ್ತಕದಲ್ಲಿ ಅವರು ತಮ್ಮ ಆಡಳಿತ ಅಂದಿನಿಂದ ಆರಂಭವಾಯಿತೆಂದು ತಮಾಷೆಯಾಗಿ ಬರೆದುಕೊಂಡರು. ಎರಡೂವರೆ ವರ್ಷಗಳ ಹಿಂದೆ ಹಾಸಿಗೆಗೂ ದುಡ್ಡಿಲ್ಲದೆ ಬಂದಿದ್ದ ಯುವಕ ಈಗ ನಗರದ ಹೆಸರಾಂತ ಕಚೇರಿಯೊಂದನ್ನು ಒಬ್ಬರೇ ನಡೆಸುತ್ತಿದ್ದರು. ನೀರಿಗಿಳಿದು ಈಜು ಕಲಿತಂತೆ ಆಯಿತು.

ಶಿಸ್ತು ಕಲಿಸಿದ ಗುರು: ಲೋಗನ್

1841ರಲ್ಲಿ ಸ್ಟುವರ್ಟ್ ಜೊತೆಗಿನ ಪಾಲುದಾರಿಕೆ ಸೌಹಾರ್ದದಿಂದಲೇ ಮುಗಿಯಿತು. ಆಗ ಲಿಂಕನ್‌ರನ್ನು ಕರೆದವರು ಸ್ಟೀಫನ್ ಲೋಗನ್. ಲಿಂಕನ್‌ಗಿಂತ ಒಂಬತ್ತು ವರ್ಷ ಹಿರಿಯರು, ಹಿಂದೆ ನ್ಯಾಯಾಧೀಶರಾಗಿದ್ದವರು. ಗಿಡ್ಡನೆಯ ಆಳು, ಕೆದರಿದ ಕೂದಲು, ಸಾದಾ ಉಡುಪು. ಆದರೆ ಕಾನೂನಿನ ಜ್ಞಾನದಲ್ಲಿ ಆ ಭಾಗದಲ್ಲಿ ಅವರಿಗೆ ಸಮಾನರು ಕಡಿಮೆ.

ಲಿಂಕನ್‌ಗೆ ಮಾತಿನ ಬಲವಿತ್ತು. ಜ್ಯೂರಿಯ ಮುಂದೆ ನಿಂತು ಕಥೆ ಹೇಳಿ ಮನಗೆಲ್ಲುವ ಕಲೆಯಿತ್ತು. ಆದರೆ ಪೂರ್ವಸಿದ್ಧತೆ ಸಾಲದು. ಲೋಗನ್ ಅವರಿಂದ ಕಲಿತದ್ದು ಅದನ್ನೇ. ಅರ್ಜಿಯನ್ನು ತಪ್ಪಿಲ್ಲದೆ ಬರೆಯುವುದು, ಹಿಂದಿನ ತೀರ್ಪುಗಳನ್ನು ಹುಡುಕುವುದು, ಎದುರಾಳಿಯ ವಾದವನ್ನು ಎದುರಾಳಿಗಿಂತ ಚೆನ್ನಾಗಿ ತಿಳಿದುಕೊಂಡು ನ್ಯಾಯಾಲಯಕ್ಕೆ ಹೋಗುವುದು - ಈ ಅಭ್ಯಾಸಗಳು ಲಿಂಕನ್‌ರಲ್ಲಿ ಬೇರೂರಿದ್ದು ಆ ಮೂರು ವರ್ಷಗಳಲ್ಲಿ. ಅದೇ ಸಮಯದಲ್ಲಿ ಹೊಸ ದಿವಾಳಿ ಕಾಯ್ದೆ ಜಾರಿಗೆ ಬಂದು, 70ಕ್ಕೂ ಹೆಚ್ಚು ದಿವಾಳಿ ಅರ್ಜಿಗಳು ಇವರ ಕಚೇರಿಯ ಮೂಲಕ ಸಲ್ಲಿಕೆಯಾದವು. 1837ರ ಆರ್ಥಿಕ ಕುಸಿತದಲ್ಲಿ ನೆಲಕಚ್ಚಿದ ರೈತರು, ವ್ಯಾಪಾರಿಗಳು ಹೊಸ ಬದುಕು ಆರಂಭಿಸಲು ಈ ಕಾಯ್ದೆ ನೆರವಾಯಿತು.

1842ರ ನವೆಂಬರ್ 4ರಂದು ಲಿಂಕನ್ ಅವರು ಮೇರಿ ಟಾಡ್ ಅವರನ್ನು ವಿವಾಹವಾದರು. 1844ರಲ್ಲಿ, ತಮ್ಮ ಮದುವೆ ನಡೆಸಿಕೊಟ್ಟ ಧರ್ಮಬೋಧಕರಿಂದಲೇ ಒಂದು ಮನೆ ಕೊಂಡರು. ಅದೇ ವರ್ಷ ಲೋಗನ್ ತಮ್ಮ ಮಗನನ್ನು ಪಾಲುದಾರನನ್ನಾಗಿ ಮಾಡಿಕೊಳ್ಳಲು ಬಯಸಿದರು. ಲಿಂಕನ್ ಮುನಿಸಿಕೊಳ್ಳಲಿಲ್ಲ. ಗುರುಶಿಷ್ಯರ ಗೌರವ ಕೊನೆಯವರೆಗೂ ಉಳಿಯಿತು. ಮುಂದೆ ಎಷ್ಟೋ ಮೊಕದ್ದಮೆಗಳಲ್ಲಿ ಅವರು ಎದುರುಬದುರಾಗಿ ವಾದಿಸಿದರು, ಕೆಲವದರಲ್ಲಿ ಒಟ್ಟಿಗೆ ನಿಂತರು.

ಕಿರಿಯನಿಗೆ ಸರಿಪಾಲು: ಹರ್ನ್‌ಡನ್

ಈಗ ಲಿಂಕನ್ ಯಾವ ಹಿರಿಯ ವಕೀಲರನ್ನಾದರೂ ಪಾಲುದಾರರನ್ನಾಗಿ ಆರಿಸಿಕೊಳ್ಳಬಹುದಿತ್ತು. ಅವರು ಕರೆದದ್ದು ವಿಲಿಯಂ ಹರ್ನ್‌ಡನ್ ಎಂಬ 25 ವರ್ಷದ ಯುವಕನನ್ನು. ಲೋಗನ್-ಲಿಂಕನ್ ಕಚೇರಿಯಲ್ಲೇ ಕಾನೂನು ಓದಿ, ಆಗಷ್ಟೇ ಪರವಾನಗಿ ಪಡೆಯುತ್ತಿದ್ದ ಹುಡುಗ. ತನಗೆ ಸಿಕ್ಕ ಆಹ್ವಾನವನ್ನು ಮೊದಲು ಆತನೇ ನಂಬಲಿಲ್ಲವಂತೆ.

ಹಿರಿಯ ವಕೀಲನಿಗೆ ಹೆಚ್ಚು ಪಾಲು, ಕಿರಿಯನಿಗೆ ಕಡಿಮೆ ಎಂಬುದು ವೃತ್ತಿಯ ಸಾಮಾನ್ಯ ನಿಯಮ. ಲಿಂಕನ್ ಆರಂಭದಿಂದಲೇ ಬಂದ ಶುಲ್ಕವನ್ನೆಲ್ಲ ಸರಿಸಮನಾಗಿ ಹಂಚಿಕೊಂಡರು. ಅರ್ಧ ತಮಗೆ, ಅರ್ಧ ಹರ್ನ್‌ಡನ್‌ಗೆ. ಹರ್ನ್‌ಡನ್ ಕಚೇರಿಯ ಪುಸ್ತಕಗಳನ್ನು ನೋಡಿಕೊಂಡರು, ಕಾನೂನಿನ ಸಂಶೋಧನೆ ಮಾಡಿದರು, ಹತ್ತಿರದ ನ್ಯಾಯಾಲಯಗಳ ಕೆಲಸ ನಿರ್ವಹಿಸಿದರು. ಲಿಂಕನ್ ಊರೂರು ಸುತ್ತಿ ವಾದಿಸಿದರು. 1847ರಿಂದ 1849ರವರೆಗೆ ಲಿಂಕನ್ ಕಾಂಗ್ರೆಸ್ ಸದಸ್ಯರಾಗಿ ವಾಷಿಂಗ್ಟನ್‌ನಲ್ಲಿದ್ದಾಗ ಕಚೇರಿಯ ದೀಪ ಆರದಂತೆ ನೋಡಿಕೊಂಡವರು ಹರ್ನ್‌ಡನ್ ಅವರೇ. ಸ್ಟುವರ್ಟ್ ಇಲ್ಲದಾಗ ಲಿಂಕನ್ ಮಾಡಿದ್ದನ್ನು ಈಗ ಲಿಂಕನ್ ಇಲ್ಲದಾಗ ಅವರು ಮಾಡಿದರು.

ಕಚೇರಿ ಅಚ್ಚುಕಟ್ಟಾಗಿತ್ತು ಎಂದು ಯಾರೂ ಹೇಳುವುದಿಲ್ಲ. ಲಿಂಕನ್ ಮುಖ್ಯ ಕಾಗದಗಳನ್ನು ತಮ್ಮ ಎತ್ತರದ ಟೊಪ್ಪಿಗೆಯೊಳಗೆ ಇಟ್ಟುಕೊಳ್ಳುತ್ತಿದ್ದರು. ಬೇರೆಲ್ಲೂ ಸಿಗದ ಕಾಗದವನ್ನು ಹುಡುಕಲೆಂದು ಮೇಜಿನ ಮೇಲೆ ಒಂದು ಕಟ್ಟು ಬೇರೆ ಇತ್ತು. ರೈತರಿಗೆ ಹಂಚಲು ತಂದ ಬೀಜಗಳು ಮೂಲೆಯ ಧೂಳಿನಲ್ಲೇ ಮೊಳಕೆಯೊಡೆದಿದ್ದವೆಂದು ಅಲ್ಲಿ ಕಲಿಯಲು ಬಂದವರು ಹೇಳಿದ್ದುಂಟು. ಆದರೂ ಆ ಕಚೇರಿಗೆ ಕಕ್ಷಿದಾರರು ಬರುತ್ತಲೇ ಇದ್ದರು. ಕಾರಣ, ಇಲ್ಲಿ ಕೊಟ್ಟ ಮಾತು ನಡೆಯುತ್ತದೆ ಎಂಬ ವಿಶ್ವಾಸ.

ಕುದುರೆ ಬೆನ್ನೇರಿ ಹದಿನಾಲ್ಕು ಜಿಲ್ಲೆಗಳು

ಅಂದಿನ ಇಲಿನಾಯ್‌ನಲ್ಲಿ ನ್ಯಾಯಾಧೀಶರೇ ಊರಿಂದೂರಿಗೆ ಸಂಚರಿಸಿ ನ್ಯಾಯಾಲಯ ನಡೆಸುತ್ತಿದ್ದರು. ಸ್ಪ್ರಿಂಗ್‌ಫೀಲ್ಡ್ ಸೇರಿದ್ದ ಎಂಟನೇ ಸಂಚಾರಿ ವಲಯದಲ್ಲಿ 1847ರಿಂದ 1853ರವರೆಗೆ 14 ಕೌಂಟಿಗಳಿದ್ದವು. ವಿಸ್ತೀರ್ಣ ಸುಮಾರು 11,000 ಚದರ ಮೈಲಿ. ವಸಂತದಲ್ಲಿ ಒಮ್ಮೆ, ಶರತ್ಕಾಲದಲ್ಲಿ ಒಮ್ಮೆ, ಪ್ರತಿ ಬಾರಿಯೂ ಸುಮಾರು ಹತ್ತು ವಾರಗಳ ಪ್ರಯಾಣ. ಕೆಸರಿನ ದಾರಿ, ಸೇತುವೆಯಿಲ್ಲದ ಹೊಳೆಗಳು. ರಾತ್ರಿ ತಂಗುವ ಛತ್ರಗಳಲ್ಲಿ ಒಂದೇ ಹಾಸಿಗೆಯಲ್ಲಿ ಇಬ್ಬರು ಮೂವರು ಮಲಗಬೇಕು. ಹಗಲಿನಲ್ಲಿ ಎದುರಾಳಿಗಳಾಗಿ ವಾದಿಸಿದವರು ರಾತ್ರಿ ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು.

ವಾರಾಂತ್ಯಕ್ಕೆ ಹಲವು ವಕೀಲರು ಮನೆಗೆ ಮರಳುತ್ತಿದ್ದರು. ಲಿಂಕನ್ ಇಡೀ ಸಂಚಾರ ಮುಗಿಯುವವರೆಗೂ ನ್ಯಾಯಾಧೀಶ ಡೇವಿಡ್ ಡೇವಿಸ್ ಅವರ ಜೊತೆಗೇ ಉಳಿಯುತ್ತಿದ್ದರು. ಮನೆಯವರಿಗೆ ಇದು ಕಷ್ಟವಾಗಿತ್ತು. ಮೇರಿಯವರು ವರ್ಷದಲ್ಲಿ ಹಲವು ತಿಂಗಳು ಮಕ್ಕಳೊಂದಿಗೆ ಒಂಟಿಯಾಗಿರಬೇಕಾಯಿತು. ವೃತ್ತಿಯ ಬೆಳವಣಿಗೆಗೆ ಕುಟುಂಬ ತೆತ್ತ ಬೆಲೆಯಿದು, ಅದನ್ನು ಮರೆಯಬಾರದು.

ಪ್ರತಿ ಊರಿನಲ್ಲೂ ಸ್ಥಳೀಯ ವಕೀಲರು ಮೊಕದ್ದಮೆಗಳನ್ನು ಸಿದ್ಧಪಡಿಸಿ ಇಟ್ಟಿರುತ್ತಿದ್ದರು. ಲಿಂಕನ್ ಬಂದು ವಾದಿಸುತ್ತಿದ್ದರು. ಡ್ಯಾನ್‌ವಿಲ್‌ನಲ್ಲಿ ವಾರ್ಡ್ ಹಿಲ್ ಲೇಮನ್ ಅವರೊಂದಿಗೆ 1852ರಿಂದ ಇಂಥ ಏರ್ಪಾಡು ಇತ್ತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಶಾಖಾ ಕಚೇರಿ. ಹೀಗೆ ಕಟ್ಟಡ ಕಟ್ಟದೆ, ಬಂಡವಾಳ ಹೂಡದೆ, ಪರಿಚಯ ಮತ್ತು ನಂಬಿಕೆಯಿಂದಲೇ ಕಚೇರಿಯ ವ್ಯಾಪ್ತಿ ಹತ್ತಾರು ಊರುಗಳಿಗೆ ಹರಡಿತು.

ರೈಲು ಬಂತು, ಕೆಲಸ ಬದಲಾಯಿತು

1850ರಲ್ಲಿ ಇಲಿನಾಯ್‌ನಲ್ಲಿ ಸುಮಾರು 110 ಮೈಲಿ ರೈಲು ಹಳಿಯಿತ್ತು. ಹತ್ತು ವರ್ಷಗಳಲ್ಲಿ ಅದು 2,700 ಮೈಲಿ ದಾಟಿತು. ಭೂಸ್ವಾಧೀನ, ಷೇರು ಹಣದ ಬಾಕಿ, ಸತ್ತ ದನಕರುಗಳ ಪರಿಹಾರ, ತೆರಿಗೆ - ಹೊಸ ಹೊಸ ವ್ಯಾಜ್ಯಗಳು ಹುಟ್ಟಿಕೊಂಡವು. ಲಿಂಕನ್-ಹರ್ನ್‌ಡನ್ ಕಚೇರಿ ರೈಲ್ವೆಗಳ ಪರವಾಗಿಯೂ ವಾದಿಸಿತು, ವಿರುದ್ಧವಾಗಿಯೂ ವಾದಿಸಿತು.

ಇಲಿನಾಯ್ ಸೆಂಟ್ರಲ್ ರೈಲ್ವೆಗೆ ರಾಜ್ಯವು ತೆರಿಗೆ ವಿನಾಯಿತಿ ಕೊಟ್ಟಿತ್ತು. ಆದರೂ ಮೆಕ್‌ಲೀನ್ ಕೌಂಟಿ ತನ್ನ ತೆರಿಗೆ ಹೇರಿತು. ಕೌಂಟಿ ಗೆದ್ದಿದ್ದರೆ ಉಳಿದ ಕೌಂಟಿಗಳೂ ಹಾಗೆಯೇ ಮಾಡುತ್ತಿದ್ದವು. ಕಂಪನಿ ಉಳಿಯುವುದೇ ಕಷ್ಟವಿತ್ತು. ಲಿಂಕನ್ ಕಂಪನಿಯ ಪರವಾಗಿ ವಾದಿಸಿದರು. 1856ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಕಂಪನಿಯ ಪರ ತೀರ್ಪಿತ್ತಿತು. ಲಿಂಕನ್ 5,000 ಡಾಲರ್ ಶುಲ್ಕ ಕೇಳಿದರು. ಅವರ ವೃತ್ತಿಜೀವನದ ಅತಿ ದೊಡ್ಡ ಶುಲ್ಕವದು. ಕಂಪನಿ ಕೊಡಲೊಲ್ಲದೆ ಹೋದಾಗ 1857ರಲ್ಲಿ ತಮ್ಮದೇ ಕಕ್ಷಿದಾರರ ಮೇಲೆ ದಾವೆ ಹೂಡಿ ಗೆದ್ದರು. ಹಣ ಬಂದಾಗ ಹರ್ನ್‌ಡನ್‌ಗೆ ಅರ್ಧ ಪಾಲು ಸಂದಿತು. ಐದು ಡಾಲರ್ ಬಂದಾಗ ಪಾಲಿಸಿದ ನಿಯಮವನ್ನು ಐದು ಸಾವಿರ ಬಂದಾಗಲೂ ಮುರಿಯಲಿಲ್ಲ ಎಂಬುದನ್ನು ಗಮನಿಸಬೇಕು.

1856ರ ಮೇ 6ರಂದು ಎಫಿ ಆಫ್ಟನ್ ಎಂಬ ಹಬೆದೋಣಿ, ಮಿಸಿಸಿಪ್ಪಿ ನದಿಗೆ ಕಟ್ಟಿದ ಮೊದಲ ರೈಲು ಸೇತುವೆಗೆ ಡಿಕ್ಕಿ ಹೊಡೆದು ಸುಟ್ಟುಹೋಯಿತು. ದೋಣಿಯ ಮಾಲೀಕರು ಸೇತುವೆ ಕಂಪನಿಯ ಮೇಲೆ ದಾವೆ ಹೂಡಿದರು. 1857ರಲ್ಲಿ ಷಿಕಾಗೋದಲ್ಲಿ ಲಿಂಕನ್ ಸೇತುವೆಯ ಪರ ನಿಂತರು. ನದಿಯುದ್ದಕ್ಕೂ ಸಾಗುವ ಹಕ್ಕು ಒಬ್ಬರಿಗಿದ್ದರೆ, ನದಿಯನ್ನು ದಾಟುವ ಹಕ್ಕು ಇನ್ನೊಬ್ಬರಿಗೂ ಇದೆ ಎಂಬುದು ಅವರ ವಾದದ ತಿರುಳು. ನೀರಿನ ಸೆಳೆತದ ವೇಗ, ದಿಕ್ಕುಗಳನ್ನೆಲ್ಲ ಅವರು ಅಳೆದು ತಿಳಿದಿದ್ದರು. ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಸೇತುವೆ ಉಳಿಯಿತು.

ಬಡವರ ಮನೆಗೂ ಅದೇ ವಕೀಲರು

ಅದೇ ದಿನಗಳಲ್ಲಿ ನ್ಯೂ ಸೇಲಂನ ಹಳೆಯ ಪರಿಚಯದ ವಿಧವೆ ಹ್ಯಾನಾ ಆರ್ಮ್‌ಸ್ಟ್ರಾಂಗ್ ಅವರ ಮಗ ಡಫ್ ಕೊಲೆ ಆರೋಪದಲ್ಲಿ ಸಿಲುಕಿದ. ಬಡತನದ ದಿನಗಳಲ್ಲಿ ಲಿಂಕನ್‌ಗೆ ಉಣಬಡಿಸಿದ, ಬಟ್ಟೆ ಹೊಲಿದುಕೊಟ್ಟ ಮನೆಯದು. 1858ರ ಮೇ 7ರಂದು ಬಿಯರ್ಡ್ಸ್‌ಟೌನ್‌ನಲ್ಲಿ ವಿಚಾರಣೆ ನಡೆಯಿತು. ರಾತ್ರಿ 11 ಗಂಟೆಯ ಹೊತ್ತಿಗೆ ಚಂದ್ರನ ಪ್ರಖರ ಬೆಳಕಿನಲ್ಲಿ ದೂರದಿಂದ ಘಟನೆಯನ್ನು ಕಂಡೆನೆಂದು ಮುಖ್ಯ ಸಾಕ್ಷಿ ಹೇಳಿದ. ಲಿಂಕನ್ ಅದನ್ನೇ ಮತ್ತೆ ಮತ್ತೆ ಹೇಳಿಸಿದರು. ಬಳಿಕ ಪಂಚಾಂಗವನ್ನು ತರಿಸಿ ತೋರಿಸಿದರು: ಆ ಹೊತ್ತಿಗೆ ಚಂದ್ರ ಮುಳುಗುವ ಹಂತಕ್ಕೆ ಸರಿದಿದ್ದ. ಡಫ್ ಬಿಡುಗಡೆಯಾದ. ಲಿಂಕನ್ ಒಂದು ಕಾಸೂ ತೆಗೆದುಕೊಳ್ಳಲಿಲ್ಲ.

ಸುಮಾರು 1850ರ ಹೊತ್ತಿಗೆ ಕಿರಿಯ ವಕೀಲರಿಗಾಗಿ ಅವರು ಸಿದ್ಧಪಡಿಸಿದ ಟಿಪ್ಪಣಿಯೊಂದು ಉಳಿದುಬಂದಿದೆ. ಸಾಧ್ಯವಿದ್ದಲ್ಲಿ ಕಕ್ಷಿದಾರರನ್ನು ರಾಜಿಗೆ ಒಪ್ಪಿಸಬೇಕು, ಗೆದ್ದವನೂ ಖರ್ಚು ಮತ್ತು ಕಾಲಹರಣದಿಂದ ಸೋತಂತೆಯೇ ಆಗುವುದುಂಟು ಎಂಬುದು ಅದರ ಮುಖ್ಯ ವಿಚಾರ. ಜಗಳ ಎಬ್ಬಿಸಿ ಹಣ ಮಾಡುವ ವಕೀಲನನ್ನು ಅವರು ಅಲ್ಲಿ ಕಟುವಾಗಿ ಖಂಡಿಸುತ್ತಾರೆ. ಪ್ರಾಮಾಣಿಕ ವಕೀಲನಾಗಿರಲು ಆಗದಿದ್ದರೆ ವಕೀಲಿಯನ್ನೇ ಬಿಟ್ಟು ಪ್ರಾಮಾಣಿಕನಾಗಿರಬೇಕು ಎಂಬ ಅರ್ಥದ ಸಲಹೆಯೂ ಅದರಲ್ಲಿದೆ.

ಮರೆಮಾಚಲಾಗದ ಕಲೆ

ಲಿಂಕನ್‌ರ ಜೀವನವನ್ನು ಬರೆಯುವವರು ಇಲ್ಲಿ ತುಸು ನಿಲ್ಲಬೇಕಾಗುತ್ತದೆ. 1841ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯದಲ್ಲಿ ಅವರು ಒಂದು ಸಾಲಪತ್ರದ ಮೊಕದ್ದಮೆ ಗೆದ್ದಿದ್ದರು. ನ್ಯಾನ್ಸ್ ಎಂಬ ಕಪ್ಪು ವರ್ಣದ ಯುವತಿಯನ್ನು ಮಾರಿದ್ದಕ್ಕೆ ಬರೆದುಕೊಟ್ಟ ಪತ್ರವದು. ಇಲಿನಾಯ್‌ನ ಕಾನೂನಿನಂತೆ ಪ್ರತಿಯೊಬ್ಬರೂ ಸ್ವತಂತ್ರರೆಂದೇ ಭಾವಿಸಬೇಕು, ಸ್ವತಂತ್ರ ವ್ಯಕ್ತಿಯ ಮಾರಾಟ ನಡೆಯದು, ಆದ್ದರಿಂದ ಪತ್ರಕ್ಕೆ ಬೆಲೆಯಿಲ್ಲ ಎಂದು ಲಿಂಕನ್ ವಾದಿಸಿದರು. ನ್ಯಾಯಾಲಯ ಒಪ್ಪಿತು.

ಆರು ವರ್ಷಗಳ ಬಳಿಕ, 1847ರ ಅಕ್ಟೋಬರ್‌ನಲ್ಲಿ, ಕೋಲ್ಸ್ ಕೌಂಟಿಯ ಚಾರ್ಲ್ಸ್‌ಟನ್‌ನಲ್ಲಿ ಅದೇ ಲಿಂಕನ್ ರಾಬರ್ಟ್ ಮ್ಯಾಟ್ಸನ್ ಎಂಬ ಕೆಂಟಕಿಯ ಯಜಮಾನನ ಪರ ನಿಂತರು. ಜೇನ್ ಬ್ರಯಂಟ್ ಎಂಬ ತಾಯಿಯೂ ಆಕೆಯ ನಾಲ್ವರು ಮಕ್ಕಳೂ ತನ್ನ ಗುಲಾಮರೆಂದು, ಅವರನ್ನು ಹಿಂದಕ್ಕೆ ಕೊಡಿಸಬೇಕೆಂದು ಅವನ ಬೇಡಿಕೆ. ಆ ಕುಟುಂಬಕ್ಕೆ ಆಶ್ರಯ ಕೊಟ್ಟಿದ್ದ ವೈದ್ಯರು ಲಿಂಕನ್‌ರ ಸಹಾಯ ಕೇಳಲು ಬಂದಾಗ, ಎದುರು ಪಕ್ಷಕ್ಕೆ ಈಗಾಗಲೇ ಮಾತು ಕೊಟ್ಟಾಗಿದೆ ಎಂಬ ಉತ್ತರ ಬಂತು. ಲಿಂಕನ್ ವಾದಿಸಿದರು, ಸೋತರು. ಜೇನ್ ಮತ್ತು ಮಕ್ಕಳು ಸ್ವತಂತ್ರರಾದರು.

ವಕೀಲನಾದವನು ಬಂದ ಕಕ್ಷಿದಾರನನ್ನು ಹಿಂದೆ ಕಳುಹಿಸಬಾರದು, ಯಾರಿಗೂ ವಾದಿಸಲು ಒಬ್ಬರು ಬೇಕು ಎಂದು ಹಲವರು ಸಮರ್ಥಿಸುತ್ತಾರೆ. ಅದರಲ್ಲಿ ಸತ್ಯವಿದೆ. ಆದರೆ ಅಂದು ಲಿಂಕನ್ ಗೆದ್ದಿದ್ದರೆ ಒಬ್ಬ ತಾಯಿ ಮತ್ತು ನಾಲ್ಕು ಮಕ್ಕಳು ಗುಲಾಮಗಿರಿಗೆ ಮರಳುತ್ತಿದ್ದರು ಎಂಬುದೂ ಸತ್ಯವೇ. ವೃತ್ತಿಯ ನಿಯಮವನ್ನು ಪಾಲಿಸಿದ ಮಾತ್ರಕ್ಕೆ ಮನಸ್ಸಾಕ್ಷಿಯ ಲೆಕ್ಕ ತೀರುವುದಿಲ್ಲ. ಮುಂದೆ 1854ರಲ್ಲಿ ಕಾನ್ಸಾಸ್-ನೆಬ್ರಾಸ್ಕಾ ಕಾಯ್ದೆ ಬಂದು ಗುಲಾಮಗಿರಿ ಹೊಸ ಪ್ರಾಂತ್ಯಗಳಿಗೆ ಹರಡುವ ಭೀತಿ ಎದುರಾದಾಗ ಲಿಂಕನ್ ಮತ್ತೆ ರಾಜಕೀಯಕ್ಕೆ ಧುಮುಕಿದರು. ಆಗ ಅವರು ಕಕ್ಷಿದಾರನ ಪರವಾಗಿ ಮಾತಾಡಲಿಲ್ಲ, ತಮ್ಮ ನಂಬಿಕೆಯ ಪರವಾಗಿ ಮಾತಾಡಿದರು.

ಅವಮಾನವನ್ನು ಅರಗಿಸಿಕೊಂಡವರು

1855ರಲ್ಲಿ ಕೊಯ್ಲು ಯಂತ್ರದ ಪೇಟೆಂಟ್ ಕುರಿತ ದೊಡ್ಡ ಮೊಕದ್ದಮೆಯೊಂದಕ್ಕೆ ಲಿಂಕನ್‌ರನ್ನು ನೇಮಿಸಲಾಗಿತ್ತು. ಶ್ರಮಪಟ್ಟು ಸಿದ್ಧವಾಗಿ ಸಿನ್ಸಿನಾಟಿಗೆ ಹೋದರೆ, ಪೂರ್ವ ರಾಜ್ಯಗಳ ಹೆಸರಾಂತ ವಕೀಲರು ಅವರನ್ನು ಹಳ್ಳಿಗನೆಂದು ಕಡೆಗಣಿಸಿದರು. ವಾದಿಸಲು ಅವಕಾಶವನ್ನೇ ಕೊಡಲಿಲ್ಲ. ಅವರಲ್ಲಿ ಪ್ರಮುಖರು ಎಡ್ವಿನ್ ಸ್ಟಾಂಟನ್. ಲಿಂಕನ್ ಮನನೊಂದರೂ ನ್ಯಾಯಾಲಯದಲ್ಲಿ ಕುಳಿತು ಆ ವಕೀಲರ ವಾದವನ್ನು ದಿನಗಟ್ಟಲೆ ಆಲಿಸಿದರು. ತಾವು ಇನ್ನೂ ಓದಬೇಕಾಗಿದೆ ಎಂದು ತಿಳಿದು ಊರಿಗೆ ಮರಳಿದರು. 1862ರ ಜನವರಿಯಲ್ಲಿ, ಯುದ್ಧ ಇಲಾಖೆಗೆ ಸಮರ್ಥರೊಬ್ಬರು ಬೇಕಾದಾಗ, ಅಧ್ಯಕ್ಷ ಲಿಂಕನ್ ಆರಿಸಿದ್ದು ಅದೇ ಸ್ಟಾಂಟನ್ ಅವರನ್ನು. ಹಳೆಯ ಅವಮಾನಕ್ಕಿಂತ ದೇಶದ ಕೆಲಸ ದೊಡ್ಡದೆಂದು ಅವರು ತಿಳಿದಿದ್ದರು.

ಸಂಚಾರದ ಗೆಳೆಯರೂ ಕೈಬಿಡಲಿಲ್ಲ. 1860ರಲ್ಲಿ ಷಿಕಾಗೋದ ಪಕ್ಷದ ಅಧಿವೇಶನದಲ್ಲಿ ಲಿಂಕನ್‌ರನ್ನು ಅಭ್ಯರ್ಥಿಯಾಗಿಸಲು ಹಗಲಿರುಳು ದುಡಿದವರು ನ್ಯಾಯಾಧೀಶ ಡೇವಿಡ್ ಡೇವಿಸ್ ಮತ್ತು ಎಂಟನೇ ವಲಯದ ವಕೀಲರು. ಕೆಸರು ದಾರಿಯಲ್ಲಿ, ಛತ್ರದ ಹಾಸಿಗೆಗಳಲ್ಲಿ ಬೆಳೆದ ಸ್ನೇಹವದು.

ತೂಗಾಡಲಿ ಎಂದ ಫಲಕ

1861ರ ಫೆಬ್ರವರಿಯಲ್ಲಿ, ವಾಷಿಂಗ್ಟನ್‌ಗೆ ಹೊರಡುವ ಮುನ್ನ ಲಿಂಕನ್ ಕೊನೆಯ ಬಾರಿಗೆ ಕಚೇರಿಗೆ ಬಂದರು. ಬಾಕಿ ಉಳಿದ ಕಡತಗಳನ್ನು ಹರ್ನ್‌ಡನ್ ಜೊತೆ ಕುಳಿತು ನೋಡಿದರು. ಕೆಳಗೆ ತೂಗುತ್ತಿದ್ದ ಲಿಂಕನ್ ಮತ್ತು ಹರ್ನ್‌ಡನ್ ಎಂಬ ಫಲಕವನ್ನು ತೆಗೆಯಬೇಡ, ಅಧ್ಯಕ್ಷ ಪದವಿಯಿಂದ ಸಂಸ್ಥೆಗೆ ಬದಲಾವಣೆಯಿಲ್ಲವೆಂದು ಕಕ್ಷಿದಾರರಿಗೆ ತಿಳಿಯಲಿ, ಬದುಕಿ ಬಂದರೆ ಮತ್ತೆ ಒಟ್ಟಿಗೆ ಕೆಲಸ ಮಾಡೋಣ ಎಂಬ ಅರ್ಥದಲ್ಲಿ ಹೇಳಿದರೆಂದು ಹರ್ನ್‌ಡನ್ ಬರೆದಿದ್ದಾರೆ. ಫೆಬ್ರವರಿ 11ರಂದು ರೈಲು ಹೊರಟಿತು. 1865ರ ಏಪ್ರಿಲ್ 15ರಂದು ಅವರು ಕೊನೆಯುಸಿರೆಳೆದರು. ಎರವಲು ಕುದುರೆಯೇರಿ ಸ್ಪ್ರಿಂಗ್‌ಫೀಲ್ಡ್‌ಗೆ ಬಂದು ಅಂದಿಗೆ ಸರಿಯಾಗಿ 28 ವರ್ಷಗಳಾಗಿದ್ದವು.

ಹರ್ನ್‌ಡನ್ ತಮ್ಮ ಉಳಿದ ಆಯುಷ್ಯದ ಬಹುಪಾಲನ್ನು ಲಿಂಕನ್ ಬಗ್ಗೆ ತಿಳಿದವರ ನೆನಪುಗಳನ್ನು ಸಂಗ್ರಹಿಸಲು ಮುಡಿಪಾಗಿಟ್ಟರು. ಅವರ ಗ್ರಂಥ 1889ರಲ್ಲಿ ಪ್ರಕಟವಾಯಿತು. ಲಿಂಕನ್‌ರ ವಕೀಲಿ ಕಾಗದಗಳನ್ನು ಹುಡುಕುವ ದೊಡ್ಡ ಯೋಜನೆಯೊಂದು 1985ರಲ್ಲಿ ಆರಂಭವಾಗಿ, ಅವರೂ ಪಾಲುದಾರರೂ ನಡೆಸಿದ 5,000ಕ್ಕೂ ಹೆಚ್ಚು ಮೊಕದ್ದಮೆಗಳ ದಾಖಲೆಗಳನ್ನು 2000ದಲ್ಲಿ ಬೆಳಕಿಗೆ ತಂದಿತು. ಅವುಗಳಲ್ಲಿ ಸುಮಾರು 400 ರಾಜ್ಯದ ಸರ್ವೋಚ್ಚ ನ್ಯಾಯಾಲಯದವು. ಸ್ಟುವರ್ಟ್ ಅವರು 1828ರಲ್ಲಿ ಆರಂಭಿಸಿದ ಕಚೇರಿಯೇ ತನ್ನ ಮೂಲವೆಂದು ಹೇಳಿಕೊಳ್ಳುವ ಬ್ರೌನ್, ಹೇ ಮತ್ತು ಸ್ಟೀಫನ್ಸ್ ಎಂಬ ವಕೀಲರ ಸಂಸ್ಥೆ ಇಲಿನಾಯ್‌ನ ಅತ್ಯಂತ ಹಳೆಯ ಸಂಸ್ಥೆಯೆಂದು ಹೆಸರು ಪಡೆದಿದೆ.

ನಾವು ಕಲಿಯಬೇಕಾದದ್ದು

ಪ್ರಿಯ ವಾಚಕರೇ, ಈ ಮೂರು ಪಾಲುದಾರಿಕೆಗಳ ಕಥೆಯಲ್ಲಿ ಒಂದು ಸರಪಳಿ ಕಾಣುತ್ತದೆ. ಸ್ಟುವರ್ಟ್ ಪುಸ್ತಕ ಕೊಟ್ಟರು, ನಂಬಿ ಕಚೇರಿ ಬಿಟ್ಟುಹೋದರು. ಲೋಗನ್ ಶಿಸ್ತು ಕಲಿಸಿದರು. ಪಡೆದುದನ್ನು ಲಿಂಕನ್ ತಮ್ಮಲ್ಲೇ ಇಟ್ಟುಕೊಳ್ಳದೆ ಹರ್ನ್‌ಡನ್‌ಗೆ ದಾಟಿಸಿದರು, ಅದೂ ಸರಿಪಾಲಿನೊಂದಿಗೆ. ಸಂಸ್ಥೆ ಬೆಳೆಯುವುದು ಹೀಗೆಯೇ. ನಮ್ಮ ಸಂಘಗಳಲ್ಲಿ, ಸಮಿತಿಗಳಲ್ಲಿ ಹಿರಿಯರು ಕೀಲಿಕೈಯನ್ನು ಬಿಗಿಯಾಗಿ ಹಿಡಿದುಕೊಂಡು, ಯುವಕರು ಮುಂದೆ ಬರುತ್ತಿಲ್ಲ ಎಂದು ದೂರುವುದನ್ನು ನಾವು ಕೇಳುತ್ತಿರುತ್ತೇವೆ. 25 ವರ್ಷದ ಹುಡುಗನಿಗೆ ಅರ್ಧ ಪಾಲು ಕೊಟ್ಟ ಲಿಂಕನ್ ನಮಗೆ ಏನು ಹೇಳುತ್ತಾರೆ?

ಇನ್ನೊಂದು ಮಾತು. ಮೊಕದ್ದಮೆಯಿಂದಲೇ ಹೊಟ್ಟೆ ಹೊರೆಯುತ್ತಿದ್ದ ವಕೀಲರು ರಾಜಿ ಮಾಡಿಸಿ ಎಂದು ಕಿರಿಯರಿಗೆ ಬೋಧಿಸಿದರು. ಗಡಿಕಲ್ಲಿನ ಅಥವಾ ಪಾಲುಪಟ್ಟಿಯ ಜಗಳವನ್ನು ಹೊತ್ತು ಯಾರಾದರೂ ನಿಮ್ಮಲ್ಲಿಗೆ ಸಲಹೆ ಕೇಳಿ ಬಂದರೆ, ನ್ಯಾಯಾಲಯದ ಮೆಟ್ಟಿಲಿಗಿಂತ ಮೊದಲು ನೆರೆಮನೆಯ ಮೆಟ್ಟಿಲು ಹತ್ತುವಂತೆ ಅವರನ್ನು ಒಪ್ಪಿಸಲು ಪ್ರಯತ್ನಿಸಿ. ಆಗದಿದ್ದಲ್ಲಿ ವಕೀಲರಿದ್ದಾರೆ, ನ್ಯಾಯಾಲಯವೂ ಇದೆ. ಅಲ್ಲಿಯೂ ಯಾರ ಪರ ನಿಲ್ಲುತ್ತಿದ್ದೇವೆ, ಗೆದ್ದರೆ ಯಾರ ಬದುಕು ಏನಾಗುತ್ತದೆ ಎಂಬುದನ್ನು ಒಮ್ಮೆ ಕೇಳಿಕೊಳ್ಳೋಣ. ಜೇನ್ ಬ್ರಯಂಟ್ ಮತ್ತು ಆಕೆಯ ನಾಲ್ವರು ಮಕ್ಕಳನ್ನು ನೆನೆದು ಆ ಪ್ರಶ್ನೆ ಕೇಳಿಕೊಂಡರೆ ಉತ್ತರ ತಪ್ಪುವ ಸಂಭವ ಕಡಿಮೆ.